ನೆಟ್ಟಗಿರೋ ಸ್ಯಾಕ್ಸೋಫೋನ್ ತಗೊಂಡು ಕೈ ಸುಟ್ಕೊಂಡೆ: ಸೊಪ್ರಾನೋನಾ, ಆಲ್ಟೋನಾ?

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಅನ್ನೋ ಪುಣ್ಯಾತ್ಮ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ತಗೊಳ್ಳುವಾಗ್ಲೇ ಚಿಕ್ಕದು ದೊಡ್ಡದು ಅಂತ ಇಡೀ ಸಂಸಾರಕ್ಕೇ ತನ್ನ ಹೆಸರಿಟ್ಬಿಟ್ಟ, ಅದ್ರಲ್ಲಿ ಯಾವ್ದು ತಗೊಳ್ಳೋದು ಅನ್ನೋದು ನಮ್ಮ ಕರ್ಮ. ಮೊದಲೇ ಹೇಳ್ತೀನಿ, ಕರ್ನಾಟಕ ಸಂಗೀತ ಕಲಿಯೋಕಾದ್ರೆ ಆಲ್ಟೋ, ಅಂದ್ರೆ ಸೊಪ್ರಾನೋಗಿಂತ ದೊಡ್ಡದು, ದನಿ ಸ್ವಲ್ಪ ಕೆಳಗಿಂದು.

ನಾನು ಮೊದಲು ತಗೊಂಡಿದ್ದು ಸೊಪ್ರಾನೋ. ನೆಟ್ಟಗಿರುತ್ತೆ, ನೋಡೋಕೆ ನಾಗಸ್ವರದ ತಮ್ಮನ ಹಾಗೆ, ಸೆಕೆಂಡ್ ಹ್ಯಾಂಡ್ 18 ಸಾವಿರಕ್ಕೆ ಸಿಕ್ತು, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದೆ. ಸ್ಯಾಕ್ಸೋಫೋನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಕದ್ರಿ ಗೋಪಾಲನಾಥರು ನಾಗಸ್ವರದವರ ಮನೆ ಮಗ ಆಗಿಯೂ ಹಿಡಿದದ್ದು ಬಾಗಿದ ಆಲ್ಟೋನ, ಆ ಸುಳಿವು ನನ್ನ ತಲೆಗೆ ಹೋಗ್ಲೇ ಇಲ್ಲ.

ಗೋಳು ಶುರುವಾಗಿದ್ದು ಶ್ರುತಿಯಲ್ಲಿ. ಶ್ರುತಿಪೆಟ್ಟಿಗೆ ಆನ್ ಮಾಡಿ ಮಧ್ಯ ಷಡ್ಜ (ನಡುವಿನ ಸ) ಹಿಡಿದ್ರೆ ಸರಿ ಇರುತ್ತೆ, ಮೇಲೆ ಹೋಗ್ತಾ ಹೋಗ್ತಾ ತಾರ ಷಡ್ಜದ (ಮೇಲಿನ ಸ) ಹೊತ್ತಿಗೆ ಎಲ್ಲೋ ಏರಿ ಕೂತಿರುತ್ತೆ. ಬಾಯಲ್ಲಿ ಹಿಡಿಯೋ ಮೌತ್‌ಪೀಸ್ ಸಣ್ಣದು ನೋಡಿ, ತುಟಿ ಒಂಚೂರು ಬಿಗಿ ಆದ್ರೂ ಸ್ವರ ಜಾರುತ್ತೆ. ಮೌತ್‌ಪೀಸ್ ಸ್ವಲ್ಪ ಹೊರಗೆಳೆದೆ, ಮೇಲಿಂದು ಸರಿಯಾಯ್ತು, ಕೆಳಗಿಂದು ಇಳೀತು. ಒಳಗೆ ತಳ್ಳಿದೆ, ಉಲ್ಟಾ. ಅಷ್ಟರಲ್ಲಿ ಉಸಿರಿಗೆ ವಾದ್ಯ ಬಿಸಿಯಾಗಿ ಶ್ರುತಿ ಇನ್ನೊಂಚೂರು ಏರುತ್ತೆ, ಮತ್ತೆ ಮೊದಲಿಂದ.

ನಾಲ್ಕು ತಿಂಗಳು ಹೀಗೇ ಮಾರಾಯ್ರೆ. ಮೋಹನ ರಾಗದ ಗಾಂಧಾರ ಎಳೆದ್ರೆ ಒಳಗಿಂದ ಅಮ್ಮ "ಏನಾಯ್ತೋ" ಅಂತಿದ್ರು. ಮೌತ್‌ಪೀಸಲ್ಲಿ ಅದುರೋ ತೆಳು ಪಟ್ಟಿ, ಅದೇ ರೀಡ್, ಬದಲಾಯಿಸಿದೆ, ರಿಪೇರಿಯವರಿಗೂ ತೋರಿಸಿದೆ, ವಾದ್ಯದಲ್ಲಿ ಏನೂ ತಪ್ಪಿಲ್ಲ ಅಂದ್ರು. ತಪ್ಪು ನನ್ನ ತುಟೀದು, ಆದ್ರೆ ದಿನಕ್ಕೆ ಮುಕ್ಕಾಲು ಗಂಟೆ ನುಡಿಸೋನ ತುಟಿ ಇನ್ನೆಷ್ಟು ಪಳಗೀತು?

ಮೇಷ್ಟ್ರ ಮನೇಲಿ ಆಲ್ಟೋ ಊದಿ ನೋಡಿದೆ, ಅದೇ ವಾರ 32 ಸಾವಿರಕ್ಕೆ ಒಂದು ತಂದೆ. ಇದ್ರಲ್ಲೂ ತುಟಿಯಿಂದ ಸ್ವರ ಬಾಗುತ್ತೆ, ಸ್ವರ ತೂಗಾಡಿಸೋ ಗಮಕಕ್ಕೆ ಅದು ಬೇಕೇ ಬೇಕು, ಆದ್ರೆ ನಾವು ಬಾಗಿಸಿದಷ್ಟು ಬಾಗಿ ವಾಪಸ್ ಬರುತ್ತೆ.

ಆದ್ರೆ ಆಲ್ಟೋ ಭಾರ ಜಾಸ್ತಿ, ನೇತುಹಾಕೋ ಪಟ್ಟಿ ಕುತ್ತಿಗೆ ಕೊರೆಯುತ್ತೆ. ಮಳೆಗಾಲದಲ್ಲಿ ಜಿ ಶಾರ್ಪ್ ಅನ್ನೋ ಸ್ವರದ ಕೀಲಿಯ ಪ್ಯಾಡ್ (ತೂತು ಮುಚ್ಚೋ ಮೆತ್ತೆ) ಅಂಟ್ಕೊಳ್ಳುತ್ತೆ, ಕೆಳಗೆ ತೆಳು ಕಾಗದ ಇಟ್ಟು ಒತ್ತಿ ತೇವ ತೆಗೆದ್ರಾಯ್ತು. ಪಕ್ಕದ ಮನೆಯವರಿಗೆ ಎರಡೂ ಒಂದೇ ಕಾಟ.

ದಿನಾ ಮೂರು ಗಂಟೆ ಕೂರೋರು, ಕಿವಿ ಗಟ್ಟಿ ಇರೋರು ಸೊಪ್ರಾನೋ ತಗೊಳ್ಳಿ, ಪಳಗಿದ ಕೈಲಿ ಕೇಳಿದ್ರೆ ಜೇನು. ನನ್ನ ಸೊಪ್ರಾನೋ ಅಟ್ಟದ ಮೇಲಿದೆ, 15 ಸಾವಿರಕ್ಕೆ ಕೇಳಿದ್ರೂ ಕೊಡ್ತೀನಿ.