ಸಾಮಾನು ನೀವೇ ತರಬೇಕಾ, ಕಂಟ್ರಾಕ್ಟರ್ ಕೈಲಿ ತರಿಸಬೇಕಾ?

ಅದೇ ಅಂಗಡಿ, ಅದೇ ಟೈಲ್ಸ್. ಆದರೂ ಕಂಟ್ರಾಕ್ಟರ್‌ಗೆ ಒಂದು ರೇಟು, ನಿಮಗೆ ಇನ್ನೊಂದು. ಇದು ಮೋಸವೇನಲ್ಲ. ಅವರು ವರ್ಷವಿಡೀ ಬರುತ್ತಾರೆ, ಒಟ್ಟಿಗೆ ಜಾಸ್ತಿ ಕೊಳ್ಳುತ್ತಾರೆ, ಏನು ಬೇಕೆಂದು ಗೊತ್ತಿದ್ದೇ ಬರುತ್ತಾರೆ. ನಾವು ಒಂದು ನಲ್ಲಿಗೆ ಅರ್ಧ ಗಂಟೆ ಪ್ರಶ್ನೆ ಕೇಳುತ್ತೇವೆ, ಅಲ್ವಾ? ಆ ಹೊತ್ತಿನ ಖರ್ಚೂ ಬೆಲೆಯೊಳಗೆ ಸೇರಿರುತ್ತದೆ. ಹಳೇ ಗಿರಾಕಿಗಳಾದ ಅವರಿಗೆ ಸಾಲವೂ ಸಿಗುತ್ತದೆ, ನಮಗೆ ನಗದೇ.

ಆದರೆ ಅವರಿಗೆ ಸಿಕ್ಕ ರಿಯಾಯಿತಿ ಪೂರ್ತಿ ನಿಮ್ಮವರೆಗೆ ಬರುತ್ತದೆ ಎಂದುಕೊಳ್ಳಬೇಡಿ. ಸಾಮಾನು ತರುವ, ಒಡೆದದ್ದು ಬದಲಿಸುವ ಹೊಣೆ ಅವರದು. ಅದಕ್ಕೆ ತಮ್ಮ ಲಾಭ ಸೇರಿಸುತ್ತಾರೆ. ಕೊನೆಗೆ ಎರಡೂ ಬಿಲ್ಲು ಹೆಚ್ಚುಕಡಿಮೆ ಒಂದೇ ಆಗಬಹುದು.

ನೀವೇ ತಂದರೆ ಆಯ್ಕೆ ನಿಮ್ಮದು, ಬಿಲ್ಲೂ ನಿಮ್ಮ ಹೆಸರಲ್ಲೇ. ಅಳತೆ ತಪ್ಪಿ ಕೆಲಸ ನಿಂತರೆ ಆ ದಿನದ ಕೂಲಿಯೂ ನಿಮ್ಮ ತಲೆಗೇ.

ನನ್ನ ಲೆಕ್ಕ ಇಷ್ಟು: ಕಣ್ಣಿಗೆ ಕಾಣುವ ಟೈಲ್ಸ್, ನಲ್ಲಿ, ಲೈಟು ನೀವೇ ಆರಿಸಿ. ಸಿಮೆಂಟು, ಪೈಪು, ವೈರು ಅವರಿಗೇ ಬಿಡಿ. ಬ್ರ್ಯಾಂಡ್ ಮಾತ್ರ ಕೊಟೇಶನ್ನಿನಲ್ಲಿ ಬರೆಸಿ. ಅಂಗಡಿಯಲ್ಲಿ ಸುಮ್ನೆ "ಕಂಟ್ರಾಕ್ಟರ್ ರೇಟು ಕೊಡ್ತೀರಾ?" ಎಂದು ಕೇಳಿ ನೋಡಿ. ಇಡೀ ಪಟ್ಟಿ ಒಂದೇ ಕಡೆ ಕೊಳ್ಳುವುದಾದರೆ ಎಷ್ಟೋ ಸಲ ಕೊಡುತ್ತಾರೆ.