ಕಾರ್ಟನ್ ಉಕ್ಕಿನ ಕುಂಡ: ತುಕ್ಕು ಹಾಗೇ ಇರಲೋ, ಪೌಡರ್ ಕೋಟಿಂಗ್ ಮಾಡಿಸೋಣವೋ?

ಪುಣೆ ಕೋಥ್ರೂಡ್‌ನ ನಮ್ಮ ಟೆರೇಸಿಗೂ ಗೋವಾದ ವಾಸ್ಕೋದಲ್ಲಿ ಕಡಲಿಗೆ ಹತ್ತಿರವಿರುವ ಅಕ್ಕನ ಮನೆಯಂಗಳಕ್ಕೂ ಒಂದೇ ಉತ್ತರ ಹೊಂದುವುದಿಲ್ಲ.

ಕಾರ್ಟನ್ (Corten) ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ತುಸು ಬೆರೆತಿರುತ್ತವೆ. ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಮೇಲಿನ ತುಕ್ಕು ಬಿಗಿಯಾಗಿ ಕಚ್ಚಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಪುಣೆಯಲ್ಲಿ ಮಳೆ ಮುಗಿದ ಮೇಲೆ ತಿಂಗಳುಗಟ್ಟಲೆ ಒಣಹವೆ, ಹಾಗಾಗಿ ಬಣ್ಣವಿಲ್ಲದ ಕುಂಡವೇ ಸರಿ. ಆ ಕೆಂಗಂದು ಮೈ ಮುಂದೆ ಕರಿಬೇವಿನ ಹಸಿರು ಎಷ್ಟು ಚೆನ್ನ! ಆದರೆ ಮೊದಲ ಮಳೆಗಾಲದಲ್ಲಿ ತುಕ್ಕುನೀರು ಇಳಿದು ಟೈಲ್ಸ್‌ಗೆ ಕಲೆ ಹಿಡಿಯುತ್ತದೆ. ಕೆಳಗೆ ಜಲ್ಲಿ ತುಂಬಿದ ತಟ್ಟೆ ಇಡಿ.

ಕಡಲಂಚಿನಲ್ಲಿ, ಮುಂಬೈಯ ವರ್ಸೋವಾ ಇರಲಿ ವಾಸ್ಕೋ ಇರಲಿ, ಉಪ್ಪುಗಾಳಿ ಆ ತುಕ್ಕನ್ನು ನೆಲೆನಿಲ್ಲಲು ಬಿಡುವುದಿಲ್ಲ. ಹಕ್ಕಳೆ ಹಕ್ಕಳೆಯಾಗಿ ಏಳುತ್ತಲೇ ಇರುತ್ತದೆ. ಅಲ್ಲಿ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಸಿಂಪಡಿಸಿ ಓವನ್ನಿನಲ್ಲಿ ಬೇಯಿಸಿ ಕೂರಿಸುವ ಲೇಪ, ಬೇಕು. ಆದರೆ ಬಣ್ಣದಡಿ ಮುಚ್ಚುವುದಕ್ಕೆ ದುಬಾರಿ ಕಾರ್ಟನ್ ಏಕೆ? ಸತು ಲೇಪಿಸಿದ ಮಾಮೂಲಿ ಉಕ್ಕು ಸಾಕು.

ಕಾರ್ಟನ್ ಕುಂಡ ಈಗಾಗಲೇ ಕೊಂಡಿದ್ದರೆ ಬ್ಲಾಸ್ಟಿಂಗ್ (ಮರಳಿನಂಥ ಕಣಗಳನ್ನು ರಭಸವಾಗಿ ಹೊಡೆಸುವುದು) ಮಾಡಿಸಿ ತುಕ್ಕು ಪೂರ್ತಿ ತೆಗೆಸಿ, ಸತುವಿನ ಪ್ರೈಮರ್ ಕೊಡಿಸಿ, ಮೇಲೆ ಪಾಲಿಯೆಸ್ಟರ್ ಪೌಡರ್ ಹಾಕಿಸಿ. ಎಪಾಕ್ಸಿ ಎಂಬ ಇನ್ನೊಂದು ಬಗೆಯ ಪುಡಿಯನ್ನೇ ಮೇಲ್ಪದರವಾಗಿ ಒಪ್ಪಬೇಡಿ, ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತದೆ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಕೆಲಸವಾದ್ದರಿಂದ ಓವನ್ನಿಗೆ ಕುಂಡ ಹಿಡಿಯುತ್ತದೆಯೇ ಎಂದು ಮೊದಲೇ ಕೇಳಿ. ಗೀರು ಬಿದ್ದರೆ ಕೂಡಲೇ ಟಚ್‌ಅಪ್ ಮಾಡಿ, ಇಲ್ಲದಿದ್ದರೆ ತುಕ್ಕು ಪದರದಡಿ ಹರಿದಾಡುತ್ತದೆ.

ಎರಡರಲ್ಲೂ ಒಳಮೈಗೆ ಡಾಂಬರು ಬಣ್ಣ ಬೇಕು. ಸದಾ ಒದ್ದೆಯಿರುವ ಮಣ್ಣಿನಲ್ಲಿ ಕಾರ್ಟನ್ ಕೂಡ ಸವೆಯುತ್ತದೆ.