ಮನೆ ಕೊಳ್ಳುವ ಮುಂಚೆ ಸಂಡಾಸಿನ ಪೈಪಿಗೆ ಕ್ಯಾಮೆರಾ: 11,210 ರೂಪಾಯಿ ಬಿಲ್ಲಿನಲ್ಲಿ ಯಾವುದು ದಂಡ, ಯಾವುದು ಲಾಭ

ಬಿಲ್ಲಿನಿಂದಲೇ ಶುರು ಮಾಡುವುದು ಒಳ್ಳೆಯದು. ಕಾರವಾರದ ಕಾಜುಬಾಗ ಕಡೆ ಮಾರಾಟಕ್ಕಿದ್ದ ಒಂದು ಹಳೆ ಚಿರೇಕಲ್ಲಿನ ಮನೆ. ಅಡ್ವಾನ್ಸ್ ಕೊಡುವ ಮುಂಚೆ ಕೊಳ್ಳುವವರು ಮಡಗಾಂವ ಕಡೆಯಿಂದ ಇಬ್ಬರ ತಂಡವೊಂದನ್ನು ಕರೆಸಿ ಸಂಡಾಸಿನ ಪೈಪಿನೊಳಗೆ ಕ್ಯಾಮೆರಾ ಬಿಡಿಸಿದರು. 30 ಮೀಟರ್‌ವರೆಗಿನ ಪರೀಕ್ಷೆಗೆ 6,000, ಗಾಡಿ ಖರ್ಚು 2,000, ದೋಷ ಇರುವ ಜಾಗವನ್ನು ನೆಲದ ಮೇಲೆ ಗುರುತು ಹಾಕಿಕೊಡಲು 1,500. ಒಟ್ಟು 9,500. ಅದರ ಮೇಲೆ ಶೇ 18 ಜಿಎಸ್‌ಟಿ ಅಂದರೆ 1,710. ಕೈಯಿಂದ ಹೋದದ್ದು 11,210 ರೂಪಾಯಿ. ಪೈಪ್ ತೊಳೆಯುವ ಜೆಟ್ಟಿಂಗ್‌ಗೆ ಇನ್ನೂ 3,500 ಹೇಳಿದ್ದರು, ಅದು ಬೇಕಾಗಲಿಲ್ಲ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ಸಾಮಾನ್ಯವಾಗಿ 125ರಿಂದ 500 ಡಾಲರ್ ಹೇಳುತ್ತಾರೆ, ಆ ಲೆಕ್ಕದಲ್ಲಿ ನಮ್ಮದು ಅಗ್ಗ ಅನಿಸುತ್ತದೆ. ಆದರೆ ಆ ಹೋಲಿಕೆಯಿಂದ ನಮಗೆ ಪ್ರಯೋಜನವಿಲ್ಲ. ಅಲ್ಲಿನ ಊರುಗಳಲ್ಲಿ ಹೆಚ್ಚಿನ ಮನೆಗಳ ಪೈಪು ನೇರ ರಸ್ತೆಯ ಒಳಚರಂಡಿಗೆ ಸೇರುತ್ತದೆ. ಪೈಪು ಸರಿ ಇದ್ದರೆ ಮನೆಯವರ ಚಿಂತೆ ಅಲ್ಲಿಗೆ ಮುಗಿಯಿತು. ನಮ್ಮ ಕರಾವಳಿಯಲ್ಲಿ ಒಳಚರಂಡಿ ಎಲ್ಲ ಬಡಾವಣೆಗೂ ಮುಟ್ಟಿಲ್ಲ. ಪೈಪಿನ ಆಚೆಗೆ ಸೆಪ್ಟಿಕ್ ಟ್ಯಾಂಕು, ಅದರಾಚೆ ಇಂಗುಗುಂಡಿ, ಹತ್ತಿರದಲ್ಲೇ ಬಾವಿ. ಕ್ಯಾಮೆರಾ ನೋಡುವುದು ಪೈಪನ್ನು ಮಾತ್ರ. ಹಾಗಾಗಿ ಈ ಸೇವೆಗೆ ನಮ್ಮ ಅಂಕ ಹತ್ತಕ್ಕೆ ಏಳು. ಉಳಿದ ಮೂರು ಅಂಕದ ಕೆಲಸವನ್ನು ಕೊಳ್ಳುವವರೇ ಮಾಡಿಕೊಳ್ಳಬೇಕು, ಅದಕ್ಕೆ ಹೆಚ್ಚು ದುಡ್ಡೂ ಬೇಡ.

ಮೊದಲು ಸಲಕರಣೆ. ತಂಡದ ಕ್ಯಾಮೆರಾ ತಲೆ 23 ಮಿ.ಮೀ., ಸುತ್ತ ಎಲ್‌ಇಡಿ ದೀಪ, ಹಿಂದೆ ಸ್ಪ್ರಿಂಗು, ಅದಕ್ಕೆ ಗಟ್ಟಿ ಫೈಬರ್ ರಾಡು, ಪರದೆಯ ಮೂಲೆಯಲ್ಲಿ ಮೀಟರ್ ಲೆಕ್ಕ. ತಲೆಯೊಳಗೆ 512 ಹರ್ಟ್ಸ್ ಸಿಗ್ನಲ್ ಬಿಡುವ ಸೋಂಡ್ ಇತ್ತು. ನೆಲದ ಮೇಲೆ ಲೊಕೇಟರ್ ಹಿಡಿದು ನಡೆದರೆ ಕ್ಯಾಮೆರಾ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಬೀಡಿನ ಪೈಪು ಇದ್ದರೂ ಈ ಸಿಗ್ನಲ್ ದಾಟಿ ಬರುತ್ತದೆ. ಫೋನಿನಲ್ಲಿ ದರ ಕೇಳುವಾಗಲೇ ‘ಮೀಟರ್ ಕೌಂಟರ್ ಇದೆಯೇ, ಸೋಂಡ್ ಇದೆಯೇ’ ಎಂದು ಕೇಳಿಬಿಡಿ. ಎರಡೂ ಇಲ್ಲದವರಿಗೆ 2,000 ಕೊಟ್ಟರೂ ದಂಡವೇ. ಮೊಬೈಲಿಗೆ ಸಿಕ್ಕಿಸುವ ಆನ್‌ಲೈನ್ ಎಂಡೋಸ್ಕೋಪಿನ ವಯರು ಮೆತ್ತಗೆ, ಒಂದೆರಡು ಬೆಂಡು ದಾಟುವಷ್ಟರಲ್ಲಿ ಒಳಗೇ ಮಡಚಿಕೊಳ್ಳುತ್ತದೆ. ಬೇಸಿನ್ ಪೈಪು ನೋಡಲು ಸಾಕು, ಅಂಗಳ ದಾಟುವ ಪೈಪಿಗೆ ಆಗದು.

ಕ್ಯಾಮೆರಾವನ್ನು ಕಮೋಡಿನ ಮೂಲಕ ಇಳಿಸಲು ಬರುವುದಿಲ್ಲ, ನೀರು ನಿಲ್ಲುವ ಟ್ರ್ಯಾಪಿನ ತಿರುವು ಅಡ್ಡ ಬರುತ್ತದೆ. ಚೇಂಬರೇ ಬೇಕು, ಅಂದರೆ ಪೈಪಿನ ದಾರಿಯಲ್ಲಿ ಮುಚ್ಚಳ ಹಾಕಿದ ತಪಾಸಣೆ ಗುಂಡಿ. ಹಳೆ ಮನೆಗಳಲ್ಲಿ ಚೇಂಬರ್ ಮುಚ್ಚಳದ ಮೇಲೆ ಇಂಟರ್‌ಲಾಕ್ ಕೂರಿಸಿರುತ್ತಾರೆ, ಇಲ್ಲವೇ ತುಳಸಿಕಟ್ಟೆಯ ಸಿಮೆಂಟು ಅದರ ಮೇಲೆ ಬಂದಿರುತ್ತದೆ. ತಂಡ ಬಂದ ಮೇಲೆ ಹುಡುಕಲು ಹೊರಟರೆ ಎರಡು ತಾಸಿನ ಬಾಡಿಗೆ ಹುಡುಕಾಟಕ್ಕೇ ಸರಿಹೋಗುತ್ತದೆ. ಮೊದಲೇ ಮಾರುವವರ ಒಪ್ಪಿಗೆ ಪಡೆದು, ಮೇಸ್ತ್ರಿಯಿಂದ ಮುಚ್ಚಳ ಸಡಿಲಿಸಿಟ್ಟಿರಬೇಕು.

ಮುಚ್ಚಳ ತೆಗೆದಾಗ ಪುಕ್ಕಟೆಯಾಗಿ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಇವನ್ನು ಮಾಡದೆ ಕ್ಯಾಮೆರಾಕ್ಕೆ ಫೋನ್ ಹಚ್ಚಬೇಡಿ.

ಒಂದು, ಬಕೆಟ್ ಪರೀಕ್ಷೆ. ಕಮೋಡಿಗೆ ಒಂದು ಬಕೆಟ್ ನೀರು ಒಮ್ಮೆಲೇ ಸುರಿದು ಮೊದಲ ಚೇಂಬರಿನಲ್ಲಿ ನಿಂತು ನೋಡಿ. ನೀರು ರಭಸದಿಂದ ಬಂದು ಹೋಗಬೇಕು, ಚೇಂಬರಿನ ತಳದ ಕಾಲುವೆ ಬರಿದಾಗಬೇಕು. ಗೋಡೆಯಲ್ಲಿ ನೀರು ಏರಿಳಿದ ಕರಿ ಗೆರೆ ಕಂಡರೆ ಮುಂದೆ ಎಲ್ಲೋ ಕಟ್ಟಿಕೊಳ್ಳುತ್ತಿದೆ ಎಂದೇ ಅರ್ಥ.

ಇನ್ನೊಂದು, ಇಳಿಜಾರಿನ ಅಳತೆ. ಪೈಪು ಇಳಿಜಾರಾಗಿದೆಯೇ ಎಂಬುದನ್ನು ಕ್ಯಾಮೆರಾ ಹೇಳುವುದಿಲ್ಲ. ಪರದೆಯಲ್ಲಿ ಎಲ್ಲ ಪೈಪೂ ಸಮತಟ್ಟಾಗೇ ಕಾಣುತ್ತದೆ. ಮೇಸ್ತ್ರಿಗಳ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪಿನಿಂದ ಎರಡು ಚೇಂಬರುಗಳ ತಳದ ಎತ್ತರ ಹೋಲಿಸಬೇಕು. ನಾಲ್ಕು ಇಂಚಿನ ಪೈಪಿಗೆ 40ಕ್ಕೆ 1ರ ಇಳಿಜಾರು ರೂಢಿ, ಅಂದರೆ 10 ಮೀಟರಿಗೆ 25 ಸೆಂ.ಮೀ. ಈ ಮನೆಯಲ್ಲಿ 12 ಮೀಟರ್ ಅಂತರಕ್ಕೆ 30 ಸೆಂ.ಮೀ. ಬೇಕಿತ್ತು, ಸಿಕ್ಕಿದ್ದು 17. ಕ್ಯಾಮೆರಾ ಇಳಿಸುವ ಮುಂಚೆಯೇ ಸಂಶಯ ಎಲ್ಲಿ ಎಂಬುದು ಗೊತ್ತಾಗಿತ್ತು.

ಇನ್ನು ಪರದೆಯಲ್ಲಿ ಕಂಡದ್ದು. ಮೊದಲ ಆರು ಮೀಟರ್ ಹಳೆ ಸ್ಟೋನ್‌ವೇರ್, ಅಂದರೆ ಸುಟ್ಟ ಜೇಡಿಮಣ್ಣಿನ ಪೈಪು. ಎರಡೆರಡು ಅಡಿಯ ತುಂಡು, ಪ್ರತಿ ಎರಡಡಿಗೊಂದು ಸಿಮೆಂಟಿನ ಜೋಡಣೆ. 4.2 ಮೀಟರಿನಲ್ಲಿ ಒಂದು ಜೋಡಣೆ ಬಿರುಕು ಬಿಟ್ಟು, ಅಲ್ಲಿಂದ ತೆಂಗಿನ ಬೇರಿನ ಎಳೆಗಳು ಗಡ್ಡದ ಹಾಗೆ ಇಳಿಬಿದ್ದಿದ್ದವು. ಬೇರು ಗಟ್ಟಿ ಪೈಪನ್ನು ಒಡೆದು ಬರುವುದಲ್ಲ, ಮೊದಲೇ ಸೋರುವ ಜೋಡಣೆಯ ತೇವಕ್ಕೆ ಬರುತ್ತದೆ. ತೆಂಗಿನ ಮರ ಕಡಿಸಿ ಬೇರು ಕತ್ತರಿಸಿದರೂ ಜೋಡಣೆ ಹಾಗೇ ಬಿಟ್ಟರೆ ಪಕ್ಕದ ಗಿಡದ ಬೇರು ಬರುತ್ತದೆ, ಅಷ್ಟೇ.

ಆರು ಮೀಟರಿಗೆ ಸ್ಟೋನ್‌ವೇರ್ ಮುಗಿದು ಬೂದು ಬಣ್ಣದ ಪಿವಿಸಿ ಶುರು. ಯಾವಾಗಲೋ ರಿಪೇರಿ ಆಗಿದೆ. ಅಡಾಪ್ಟರ್ ಹಾಕದೆ ಒಂದರೊಳಗೊಂದು ತುರುಕಿ ಸಿಮೆಂಟು ಮೆತ್ತಿದ್ದಾರೆ; ಒಳಗೆ ಬೆರಳು ದಪ್ಪದ ಅಂಚು ಎದ್ದಿದೆ, ಅಲ್ಲಿ ಕಾಗದ, ಕೂದಲು ಸಿಕ್ಕಿಕೊಂಡಿದೆ. 9.1ರಿಂದ 10.6 ಮೀಟರ್‌ವರೆಗೆ ಕ್ಯಾಮೆರಾ ನೀರಿನಲ್ಲಿ ಮುಳುಗಿತು. ಇದೇ ಪೈಪಿನ ಜೋತು, ಅಂದರೆ ನಡುವೆ ಕುಸಿದ ಭಾಗ. ಇಲ್ಲಿ ತಂಡದವರು ಸರಿಯಾದ ಕೆಲಸ ಮಾಡಿದರು: ಮುಂದಿನ ಚೇಂಬರ್ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು, ನಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರು. ಮುಂದೆ ಕಟ್ಟಿದ್ದರಿಂದ ನೀರು ನಿಂತಿದ್ದರೆ ಚೇಂಬರಿನಲ್ಲೂ ನೀರು ಇರಬೇಕಿತ್ತು. ಚೇಂಬರ್ ಖಾಲಿಯಿದ್ದೂ ಪೈಪಿನ ನಡುವೆ ನೀರು ನಿಂತರೆ ಅಲ್ಲಿ ಪೈಪೇ ಕುಸಿದಿದೆ. ಈ ವ್ಯತ್ಯಾಸ ನೋಡದೆ ‘ಬ್ಲಾಕ್ ಇದೆ, ಜೆಟ್ಟಿಂಗ್ ಮಾಡಿಸಿ’ ಎನ್ನುವವರೂ ಇದ್ದಾರೆ. ಜೋತು ಬಿದ್ದ ಪೈಪನ್ನು ಎಷ್ಟು ತೊಳೆದರೂ ಅದು ನೆಟ್ಟಗಾಗುವುದಿಲ್ಲ.

ಜೋತು ಬೀಳಲು ಕಾರಣ ನಮ್ಮ ಕಡೆ ಬಹುಪಾಲು ಒಂದೇ. ಅಂಗಳಕ್ಕೆ ಚಿರೇಕಲ್ಲಿನ ಪುಡಿ, ಚೂರು ತುಂಬಿಸಿ, ಕುಟ್ಟದೆ, ಮರಳಿನ ಹಾಸು ಹಾಕದೆ ಪೈಪು ಇಡುತ್ತಾರೆ. ಎರಡು ಮಳೆಗಾಲಕ್ಕೆ ಮಣ್ಣು ಇಳಿಯುತ್ತದೆ, ಜೊತೆಗೆ ಪೈಪೂ ಇಳಿಯುತ್ತದೆ. ಅದರ ಮೇಲೆ ಪೈಪು ಬೇರೆ ತೆಳು: ಕೊಳೆ ನೀರು, ಮಳೆ ನೀರಿಗೆಂದೇ ಬರುವ ಎಸ್‌ಡಬ್ಲ್ಯುಆರ್ ಪಿವಿಸಿ ಪೈಪಿನಲ್ಲಿ ಟೈಪ್ ಎ ಗಾಳಿಗೂ ಮಳೆ ನೀರಿಗೂ, ಟೈಪ್ ಬಿ ಸಂಡಾಸಿಗೆ. ಅಗ್ಗವೆಂದು ಎ ಹೂತಿರುತ್ತಾರೆ. ಪೈಪಿನ ಮೇಲಿನ ಅಚ್ಚು ಚೇಂಬರಿನ ಬಾಯಲ್ಲಿ ಕೆಲವೊಮ್ಮೆ ಓದಲು ಸಿಗುತ್ತದೆ, ಟಾರ್ಚ್ ಬಿಟ್ಟು ನೋಡಿ.

ಬಿಲ್ಲಿನಲ್ಲಿ ಅತಿ ಹೆಚ್ಚು ಬೆಲೆ ಬಾಳಿದ್ದು ಆ 1,500 ರೂಪಾಯಿ. ಜೋತಿನ ಎರಡೂ ತುದಿಗೆ ಅಂಗಳದ ಮೇಲೆ ಸುಣ್ಣದ ಗುರುತು ಬಿತ್ತು, ಆಳ 70 ಸೆಂ.ಮೀ. ಎಂದು ಬರೆದುಕೊಟ್ಟರು. ಇಡೀ ಅಂಗಳ ಅಗೆಯುವ ಅಂದಾಜು ಮೂರು ಮೀಟರ್ ಅಗೆತಕ್ಕೆ ಇಳಿಯಿತು. ಗುರುತು ಇಲ್ಲದ ವಿಡಿಯೊ ಹಿಡಿದುಕೊಂಡು ಮಾರುವವರ ಜತೆ ಬೆಲೆ ಚರ್ಚೆಗೆ ಕೂತರೆ ‘ಅದು ಬೇರೆ ಮನೆಯದ್ದು’ ಎಂದರೂ ಉತ್ತರವಿಲ್ಲ. ಅದಕ್ಕೇ ವಿಡಿಯೊದ ಮೊದಲ ಚೌಕಟ್ಟಿನಲ್ಲಿ ಮನೆಯ ಮುಂಭಾಗ, ತಾರೀಕು, ಯಾವ ಚೇಂಬರಿನಿಂದ ಯಾವ ಕಡೆಗೆ ಎಂಬುದು ಬರಬೇಕು. ಮೀಟರ್ ಲೆಕ್ಕ ಚೇಂಬರಿನ ಅಂಚಿನಲ್ಲಿ ಸೊನ್ನೆ ಆಗಿರಬೇಕು. ಈ ತಂಡ ಸೊನ್ನೆ ಮಾಡಿತು, ಆದರೆ ದಿಕ್ಕು ಬರೆಯಲಿಲ್ಲ. ಕೇಳಿದ ಮೇಲೆ ಸೇರಿಸಿದರು. ರಾಡನ್ನು ಒಳಗೆ ತಳ್ಳುವಾಗ ಕಂಡದ್ದಕ್ಕಿಂತ ವಾಪಸ್ ಎಳೆಯುವಾಗ ಕಾಣುವುದು ಸ್ಪಷ್ಟ. ಮೀಟರಿಗೆ ಹತ್ತು ಸೆಕೆಂಡಾದರೂ ತೆಗೆದುಕೊಳ್ಳಿ ಎಂದು ಹೇಳಬೇಕಾಯಿತು. ಕಳೆದ ಮೂರು ಅಂಕದಲ್ಲಿ ಒಂದು ಈ ಗಡಿಬಿಡಿಗೆ.

ಮಿಕ್ಕ ಎರಡು ಅಂಕ ಋತುವಿಗೂ ಟ್ಯಾಂಕಿಗೂ ಸೇರಿದ್ದು, ತಂಡವನ್ನು ದೂರುವ ಹಾಗಿಲ್ಲ. ಪರೀಕ್ಷೆ ನಡೆದದ್ದು ಏಪ್ರಿಲಿನಲ್ಲಿ. ಆಗ ಅಂತರ್ಜಲ ಕೆಳಗಿರುತ್ತದೆ, ಒಡೆದ ಜೋಡಣೆಯಿಂದ ನೀರು ಹೊರಗೆ ಹೋಗುತ್ತದೆ, ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ಅದೇ ಜೋಡಣೆಯಿಂದ ನೆಲದ ನೀರು ಒಳಗೆ ಚಿಮ್ಮುತ್ತದೆ. ಯಾರೂ ನಲ್ಲಿ ಬಿಡದಿದ್ದರೂ ಪೈಪಿನಲ್ಲಿ ನೀರು ಹರಿಯುತ್ತಿರುತ್ತದೆ, ಟ್ಯಾಂಕು ತುಂಬುತ್ತಿರುತ್ತದೆ. ಖರೀದಿಗೆ ಅವಸರ ಇಲ್ಲದಿದ್ದರೆ ಕ್ಯಾಮೆರಾವನ್ನು ಜುಲೈಗೆ ಇಟ್ಟುಕೊಳ್ಳಿ. ಮಾಡಿನ ಮಳೆ ನೀರನ್ನು ಸಂಡಾಸಿನ ಚೇಂಬರಿಗೆ ಬಿಟ್ಟಿದ್ದರೆ ಅದೂ ಆಗಲೇ ಬಯಲಾಗುತ್ತದೆ.

ಟ್ಯಾಂಕಿನ ಮುಚ್ಚಳ ತೆಗೆಸಿ, ದೂರದಿಂದಲೇ ಉದ್ದ ಕೋಲಿಳಿಸಿ ನೋಡಿ: ಕೆಳಗಿನ ಕೆಸರು, ಮೇಲಿನ ಕೆನೆ ಎರಡೂ ಸೇರಿ ಆಳದ ಮೂರನೇ ಒಂದು ಭಾಗ ಮೀರಿದ್ದರೆ ಸಕ್ಕಿಂಗ್ ಗಾಡಿ ಕರೆಸುವ ಹೊತ್ತು. ಹೊರಹೋಗುವ ಬಾಯಿಗೆ ‘ಟಿ’ ಆಕಾರದ ಪೈಪು ಇದೆಯೇ ನೋಡಿ. ಅದು ಮುರಿದಿದ್ದರೆ ಕೆನೆ ನೇರ ಇಂಗುಗುಂಡಿಗೆ ಹೋಗಿ ಅದರ ಕಲ್ಲಿನ ಸಂದುಗಳನ್ನು ಮುಚ್ಚಿರುತ್ತದೆ. ಬಗ್ಗಬೇಡಿ, ಬೀಡಿ ಹಚ್ಚಬೇಡಿ. ಯಾರನ್ನೂ ಒಳಗೆ ಇಳಿಸಬೇಡಿ. ವಿಷಗಾಳಿಯ ಅಪಾಯ ಒಂದು, ರಕ್ಷಣಾ ಸಲಕರಣೆ ಇಲ್ಲದೆ ಜನರನ್ನು ಇಳಿಸಿ ಟ್ಯಾಂಕು ಶುಚಿ ಮಾಡಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇಂಗುಗುಂಡಿಗೆ ಮಾಪಕ ಬಾವಿಯೇ. ಮಳೆಗಾಲದಲ್ಲಿ ಬಾವಿಯ ನೀರು ನೆಲದಿಂದ ನಾಲ್ಕು ಅಡಿ ಕೆಳಗೆ ನಿಂತಿದ್ದು, ಗುಂಡಿಯ ತಳ ಎಂಟು ಅಡಿಯಲ್ಲಿದ್ದರೆ, ಆ ಗುಂಡಿ ನಾಲ್ಕಡಿ ನೀರಿನಲ್ಲೇ ಕೂತಿದೆ, ಇಂಗುವ ಮಾತೇ ಇಲ್ಲ. ಭಾರತೀಯ ಮಾನಕ 2470 ಇಂಗುಗುಂಡಿಗೂ ಕುಡಿಯುವ ನೀರಿಗೂ 18 ಮೀಟರ್ ಅಂತರ ಹೇಳುತ್ತದೆ. ಐದು ಗುಂಟೆ ಚೌಕದ ಜಾಗದ ಒಂದು ಬದಿಯೇ ಸುಮಾರು 22 ಮೀಟರ್. ನಮ್ಮ ಬಾವಿಯಿಂದ ದೂರ ಸರಿಸಿದರೆ ಪಕ್ಕದವರ ಬಾವಿಗೆ ಹತ್ತಿರವಾಗುತ್ತದೆ. ತೂತು ತೂತಿನ ಚಿರೇಕಲ್ಲು ಸೋಸುವುದಕ್ಕಿಂತ ಸಾಗಿಸುವುದೇ ಹೆಚ್ಚು. ಬಾವಿ ನೀರಿಗೆ ಕೋಲಿಫಾರ್ಮ್ (ಕೊಳೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸದೆ ಬರೀ ಕ್ಯಾಮೆರಾ ವರದಿ ನಂಬಿ ಅಡ್ವಾನ್ಸ್ ಕೊಡುವುದು ನಮಗೆ ಸರಿಕಾಣುವುದಿಲ್ಲ. ಕಮೋಡಿಗೆ ಬಣ್ಣದ ಪುಡಿ ಹಾಕಿ ಒಂದೆರಡು ದಿನ ರಸ್ತೆ ಬದಿಯ ಗಟಾರದ ಮೇಲೂ ಕಣ್ಣಿಡಿ. ಗುಂಡಿ ತುಂಬಿದ ಮನೆಗಳಲ್ಲಿ ಸದ್ದಿಲ್ಲದೆ ಗಟಾರಕ್ಕೆ ಪೈಪು ಕೊಟ್ಟಿರುವುದುಂಟು.

ಶಿರಸಿ ಕಡೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಅಡುಗೆಮನೆ, ಬಚ್ಚಲಿನ ಪೈಪುಗಳನ್ನೂ ನೋಡಿಸಿ. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಗಟ್ಟಿಯಾಗುತ್ತದೆ. ಕಾರವಾರದ ಸೆಕೆಯಲ್ಲಿ ಹರಿದುಹೋಗುವ ಜಿಡ್ಡು ಘಟ್ಟದ ಮೇಲಿನ ಡಿಸೆಂಬರ್ ಚಳಿಯಲ್ಲಿ ಪೈಪಿನ ಒಳಗೆ ಬಿಳಿ ಪದರವಾಗಿ ಕೂರುತ್ತದೆ. ಬಚ್ಚಲೊಲೆ ಇರುವ ಮನೆಯಾದರೆ ಬೂದಿ ಅದರ ಜತೆ ಸೇರಿ ಗಾರೆಯಂತಾಗಿರುತ್ತದೆ. ಇಲ್ಲಿ ಜೆಟ್ಟಿಂಗ್‌ಗೆ ಕೊಡುವ ದುಡ್ಡು ದಂಡವಲ್ಲ, ತೊಳೆದ ಮೇಲೆ ಕ್ಯಾಮೆರಾ ಬಿಟ್ಟರೇನೇ ಪೈಪಿನ ಮೈ ಕಾಣುವುದು.

ಐದಾರು ವರ್ಷದೊಳಗಿನ ಮನೆ, ಪೈಪಿನ ಉದ್ದ ಆರೇಳು ಮೀಟರ್, ಬಕೆಟ್ ಪರೀಕ್ಷೆಯೂ ಲೆವೆಲ್ಲೂ ಸರಿ ಬಂದವು ಎಂದಾದರೆ ಕ್ಯಾಮೆರಾ ಬೇಡವೇ ಬೇಡ. ಹಳೆ ಮನೆ, ಸ್ಟೋನ್‌ವೇರ್, ಅಂಗಳದಲ್ಲಿ ತೆಂಗು ಅಥವಾ ಹಲಸು ಇದ್ದರೆ ಕರೆಸಿ. ದರ ಇಳಿಸುವ ಜಾಗ ಒಂದೇ, ಗಾಡಿ ಖರ್ಚು. ಕಾರವಾರಕ್ಕೆ ಹುಬ್ಬಳ್ಳಿಗಿಂತ ಮಡಗಾಂವ ಹತ್ತಿರ, ಶಿರಸಿಗೆ ಹುಬ್ಬಳ್ಳಿಯೇ ಅನುಕೂಲ. ಅದೇ ದಿನ ಅಂಕೋಲಾ, ಕುಮಟಾ ಕಡೆ ಇನ್ನೊಂದು ಮನೆಯ ಕೆಲಸ ಜೋಡಿಸಿಕೊಟ್ಟರೆ ಆ ಖರ್ಚನ್ನು ಎರಡು ಮನೆಗೂ ಹಂಚುತ್ತಾರೆ. 6,000ದಲ್ಲಿ ಚೌಕಾಸಿಗೆ ಇಳಿದರೆ ಮಾತ್ರ ಅವರು ಕಡಿಮೆ ಮಾಡುವುದು ವಾಪಸ್ ಎಳೆಯುವ ಸಮಯವನ್ನು. ರಾಡು ಸುತ್ತಿಡುವ ಮುಂಚೆ ಪೂರ್ತಿ ವಿಡಿಯೊ, ಕತ್ತರಿಸಿದ ತುಣುಕುಗಳಲ್ಲ, ನಿಮ್ಮ ಪೆನ್‌ಡ್ರೈವಿಗೆ ಬಂದಿದೆಯೇ ಎಂದು ಅಲ್ಲೇ ತೆರೆದು ನೋಡಿ, ಆಮೇಲೆ ಹಣ ಕಳಿಸಿ.